ಡಯಾಲಿಸಿಸ್ ಶುರುವಾಗುವ ಮೊದಲೇ ಒಂದು ಕೈ ಕಾಪಾಡಿಕೊಳ್ಳಿ



ಬೀದರ್ ನಗರ, ಭಾಲ್ಕಿ ಮತ್ತು ಔರಾದ್‌ನಿಂದ ನಮಗೆ ಬರುವ ವೈದ್ಯಕೀಯ ನೆರವಿನ ಅರ್ಜಿಗಳಲ್ಲಿ ಕಿಡ್ನಿ ರೋಗಿಗಳ ಅರ್ಜಿ ಪ್ರತಿ ವರ್ಷವೂ ಇರುತ್ತವೆ. ಹೆಚ್ಚಿನವರು ಕೇಳುವುದು ಔಷಧಿ ಮತ್ತು ಬಸ್ಸಿನ ಖರ್ಚು. ಆದರೆ ಡಯಾಲಿಸಿಸ್ ರೋಗಿಯ ಆಯುಷ್ಯ ಇನ್ನೊಂದು ಸಂಗತಿಯ ಮೇಲೂ ನಿಂತಿದೆ: ಮೈಯಿಂದ ರಕ್ತವನ್ನು ಹೊರತೆಗೆದು ಮತ್ತೆ ಒಳಗೆ ಬಿಡುವ ದಾರಿ.

ಡಯಾಲಿಸಿಸ್ ಯಂತ್ರಕ್ಕೆ ನಿಮಿಷಕ್ಕೆ ಸುಮಾರು 250ರಿಂದ 300 ಮಿ.ಲೀ. ರಕ್ತ ಬೇಕು. ಇದು 4 ಗಂಟೆ ಕಾಲ, ವಾರಕ್ಕೆ ಎರಡು-ಮೂರು ಬಾರಿ ನಡೆಯಬೇಕು. ಕೈಯ ಮೇಲೆ ಕಾಣುವ ಸಾಮಾನ್ಯ ನರಕ್ಕೆ ಅಷ್ಟು ಶಕ್ತಿಯಿಲ್ಲ. ಆದ್ದರಿಂದ ತುರ್ತಿನಲ್ಲಿ ಬಂದ ರೋಗಿಗೆ ಕುತ್ತಿಗೆಯಲ್ಲಿ ಪ್ಲಾಸ್ಟಿಕ್ ನಳಿಕೆ, ಅಂದರೆ ಕ್ಯಾತಿಟರ್ ಹಾಕುತ್ತಾರೆ. ಅದು ಆ ಹೊತ್ತಿಗೆ ಜೀವ ಉಳಿಸುತ್ತದೆ. ಆದರೆ ಹೊರಗಿನಿಂದ ನೇರವಾಗಿ ರಕ್ತಕ್ಕೆ ಹೋಗುವ ಬಾಗಿಲು ಅದು. ಸೋಂಕು ತಗುಲಿದರೆ ಚಳಿಜ್ವರ ಬಂದು ಪ್ರಾಣಕ್ಕೇ ಅಪಾಯ.

ದೀರ್ಘಕಾಲಕ್ಕೆ ಉತ್ತಮವಾದ ದಾರಿ ಫಿಸ್ಟುಲಾ. 1966ರಲ್ಲಿ ನ್ಯೂಯಾರ್ಕ್‌ನ ವೈದ್ಯರು ಈ ವಿಧಾನವನ್ನು ಪ್ರಕಟಿಸಿದರು. ಕೈಯಲ್ಲಿರುವ ಅಪಧಮನಿಗೆ ಪಕ್ಕದ ಅಭಿಧಮನಿಯನ್ನು ಸಣ್ಣ ಶಸ್ತ್ರಚಿಕಿತ್ಸೆಯಿಂದ ಜೋಡಿಸುತ್ತಾರೆ. ರಕ್ತದ ರಭಸಕ್ಕೆ ಅಭಿಧಮನಿ ಹಿಗ್ಗಿ ಗಟ್ಟಿಯಾಗುತ್ತದೆ, ಮತ್ತೆ ಮತ್ತೆ ಸೂಜಿ ಚುಚ್ಚಲು ತಾಳಿಕೊಳ್ಳುತ್ತದೆ. ಹೊರಗಿನ ವಸ್ತು ಮೈಯೊಳಗೆ ಇರುವುದಿಲ್ಲವಾದ್ದರಿಂದ ಸೋಂಕು ಕಡಿಮೆ. ಚೆನ್ನಾಗಿ ನೋಡಿಕೊಂಡರೆ ವರ್ಷಗಟ್ಟಲೆ ಬರುತ್ತದೆ. ನರಗಳು ತೀರಾ ಸಣ್ಣದಿದ್ದವರಿಗೆ ಕೃತಕ ನಾಳ (ಗ್ರಾಫ್ಟ್) ಹಾಕುವುದೂ ಉಂಟು.

ಆದರೆ ಫಿಸ್ಟುಲಾ ಮಾಡಿದ ಮರುದಿನವೇ ಬಳಕೆಗೆ ಬರುವುದಿಲ್ಲ. ಅದು ಬಲಿಯಲು ಸಾಮಾನ್ಯವಾಗಿ 6ರಿಂದ 8 ವಾರ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಕೆಲವರದು ಮೊದಲ ಸಲ ಕೈಗೂಡದೆ ಎರಡನೇ ಸಲ ಮಾಡಬೇಕಾಗುತ್ತದೆ. ಅದಕ್ಕೇ ಡಯಾಲಿಸಿಸ್ ಬೇಕಾಗಬಹುದೆಂದು ಗೊತ್ತಾದ ಕೂಡಲೇ, ಆರು ತಿಂಗಳು ಮುಂಚೆಯೇ, ಕಿಡ್ನಿ ತಜ್ಞರನ್ನು ಈ ಬಗ್ಗೆ ಕೇಳಬೇಕು.

ವಿದ್ಯಾರ್ಥಿವೇತನದ ಸಂದರ್ಶನಕ್ಕೆ ಔರಾದ್ ಕಡೆಯಿಂದ ಬಂದಿದ್ದ ಒಬ್ಬ ವಿದ್ಯಾರ್ಥಿನಿಯ ಹಾಜರಾತಿ ತೀರಾ ಕಡಿಮೆ ಇತ್ತು. ಕಾರಣ ಕೇಳಿದೆವು. ತಂದೆಯ ಕುತ್ತಿಗೆಯ ನಳಿಕೆಗೆ ಎರಡು ಸಲ ಸೋಂಕಾಗಿತ್ತು. ಆಸ್ಪತ್ರೆಯಲ್ಲಿ ಜೊತೆಗಿರಲು ಮಗಳೇ ಹೋಗುತ್ತಿದ್ದಳು. ಕಿಡ್ನಿ ಕೆಡುತ್ತಿದೆಯೆಂದು ಆ ಮನೆಯವರಿಗೆ ಮೊದಲೇ ಗೊತ್ತಿತ್ತು. ಫಿಸ್ಟುಲಾ ಎಂಬುದೊಂದಿದೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಈ ಲೇಖನ ಬರೆಯಲು ಅದೇ ಕಾರಣ.

ಮನೆಯವರು ನೆನಪಿಡಬೇಕಾದವು:

• ಕಿಡ್ನಿ ರೋಗ ಇದೆಯೆಂದು ತಿಳಿದವರು ಬಲಗೈ ಬಳಸುವವರಾದರೆ ಎಡಗೈಯನ್ನು ಉಳಿಸಿಕೊಳ್ಳಿ. ಸಲೈನ್ ಹಚ್ಚುವಾಗ, ರಕ್ತ ತೆಗೆಯುವಾಗ ಇನ್ನೊಂದು ಕೈಯನ್ನು, ಸಾಧ್ಯವಾದರೆ ಅಂಗೈಯ ಹಿಂಭಾಗವನ್ನು ಕೊಡಿ. ನರ್ಸ್‌ಗೆ ನೀವೇ ಹೇಳಿ.

• ಫಿಸ್ಟುಲಾ ಇರುವ ಕೈಗೆ ಬಿ.ಪಿ. ಪಟ್ಟಿ, ಬಿಗಿ ಬಳೆ, ಗಡಿಯಾರ ಬೇಡ. ಆ ಕೈಯಲ್ಲಿ ಭಾರ ಎತ್ತಬೇಡಿ, ಅದನ್ನು ತಲೆಗೆ ದಿಂಬು ಮಾಡಿಕೊಂಡು ಮಲಗಬೇಡಿ.

• ಫಿಸ್ಟುಲಾ ಮೇಲೆ ಬೆರಳಿಟ್ಟರೆ ಝುಮ್ಮೆನ್ನುವ ಕಂಪನ ಸಿಗಬೇಕು. ನಮಾಝಿಗೆ ವುಝೂ ಮಾಡುವಾಗ ಮುಟ್ಟಿ ನೋಡುವುದು ರೂಢಿಯಾದರೆ ಮರೆಯುವುದಿಲ್ಲ. ಕಂಪನ ನಿಂತರೆ ನಾಳೆಗೆ ಬಿಡದೆ ಅಂದೇ ಆಸ್ಪತ್ರೆಗೆ ಹೋಗಿ.

• ಕೆಂಪಾಗುವುದು, ಬಾವು, ಕೀವು, ಜ್ವರ ಕಂಡರೂ ತಡಮಾಡಬೇಡಿ. ರಕ್ತ ಸೋರಿದರೆ ಬಟ್ಟೆಯಿಂದ ಒತ್ತಿ ಹಿಡಿದು ಕೈ ಮೇಲೆತ್ತಿ, ಆಸ್ಪತ್ರೆಗೆ ಹೊರಡಿ.

ಬಡ ಕುಟುಂಬಗಳಿಗೆ ಉಚಿತ ಡಯಾಲಿಸಿಸ್‌ಗಾಗಿ ಕೇಂದ್ರ ಸರ್ಕಾರ 2016ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಘೋಷಿಸಿತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಅವಕಾಶವಿದೆ. ಫಿಸ್ಟುಲಾಗಾಗಿ ಕಲಬುರಗಿಗೋ ಹೈದರಾಬಾದಿಗೋ ಹೊರಡುವ ಮೊದಲು, ಅಲ್ಲಿ ನಿಮ್ಮ ಕಾರ್ಡ್ ನಡೆಯುತ್ತದೆಯೇ ಎಂದು ಬೀದರ್‌ನ ಬ್ರಿಮ್ಸ್ ಆಸ್ಪತ್ರೆಯಲ್ಲಿ ಅಥವಾ ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ.

ದಾನಿಗಳಲ್ಲಿ ನಮ್ಮ ವಿನಂತಿ: ನೀವು ಕೊಡುವ ಝಕಾತ್ ಮತ್ತು ಸದಖಾದಿಂದ ಔಷಧಿಯ ಜೊತೆಗೆ ಫಿಸ್ಟುಲಾ ತಪಾಸಣೆ, ಪ್ರಯಾಣದ ಖರ್ಚನ್ನೂ ಭರಿಸಲು ಬಯಸಿದ್ದೇವೆ. ಸಮಯಕ್ಕೆ ಆದ ಒಂದು ಫಿಸ್ಟುಲಾ ಎಷ್ಟೋ ಸಲ ಆಸ್ಪತ್ರೆ ಸೇರುವುದನ್ನು ತಪ್ಪಿಸಬಲ್ಲದು.

ವಿದ್ಯಾರ್ಥಿವೇತನದ ಅರ್ಜಿದಾರರಿಗೆ ಸೂಚನೆ: ಮನೆಯಲ್ಲಿ ಡಯಾಲಿಸಿಸ್ ರೋಗಿ ಇದ್ದರೆ ಅರ್ಜಿಯ ಕುಟುಂಬ ವಿವರದಲ್ಲಿ ಬರೆಯಿರಿ, ಸಂಕೋಚ ಬೇಡ. ಹಾಜರಾತಿ ಕಡಿಮೆಯಾದ ಕಾರಣ ತಿಳಿದರೆ ನಾವು ಅದನ್ನು ಪರಿಗಣಿಸುತ್ತೇವೆ. ಡಯಾಲಿಸಿಸ್ ಟೆಕ್ನಾಲಜಿಯಲ್ಲಿ ಡಿಪ್ಲೊಮಾ ಅಥವಾ ಬಿ.ಎಸ್ಸಿ. ಓದಲು ಇಚ್ಛಿಸುವವರೂ ಅರ್ಜಿ ಹಾಕಬಹುದು. ಸೂಜಿ ಹಾಕುವ ಕೈ ಪಳಗಿದ್ದರೆ ಫಿಸ್ಟುಲಾ ಬಾಳಿಕೆ ಬರುತ್ತದೆ. ಅಂಥ ಕೈಗಳು ನಮ್ಮ ತಾಲ್ಲೂಕುಗಳಿಂದಲೇ ಬರಲಿ.