ಸದ್ದನ್ನು ಕೇಳಿ, ಆಮೇಲೆ ತೀರ್ಪು ಕೊಡಿ: ಹೊಸ ಪಂಕ್, ಮೆಟಲ್ ಆಲ್ಬಂಗಳ ವಿಮರ್ಶೆ



ನಿಮ್ಮ ಕಾಲೇಜಿನ ಗೆಳೆಯನೊಬ್ಬ ಹೊಸ ಆಲ್ಬಂ ಒಂದನ್ನು ತಂದು ನಿಮಗೆ ಕೊಡುತ್ತಾನೆ ಎಂದುಕೊಳ್ಳಿ. ನುಡಿಸಿದವರು ಯಾರೋ, ಅವರ ಊರು ಯಾವುದೋ. ತಂಡದ ಹೆಸರು ಮುಳ್ಳುಬೇಲಿಯಂಥ ಅಕ್ಷರಗಳಲ್ಲಿ ಸಿಕ್ಕಿಕೊಂಡು ಓದಲಿಕ್ಕೇ ಬಾರದು. ಹಾಕಿ ಕೇಳಿದರೆ ಗರಗಸದಂತೆ ಕೊಯ್ಯುವ ಗಿಟಾರು, ಬಿಡುವಿಲ್ಲದ ಡ್ರಮ್ಮು, ಅದರ ಮೇಲೊಂದು ಕಿರುಚು ದನಿ. “ನಮ್ಮ ಭಿತ್ತಿಪತ್ರಿಕೆಗೆ ಇದರ ಬಗ್ಗೆ ಹತ್ತು ಸಾಲು ಬರೆದುಕೊಡು” ಎನ್ನುತ್ತಾನೆ ಗೆಳೆಯ. ನೀವು ಏನು ಬರೆಯುತ್ತೀರಿ?

‘ಅದ್ಭುತ’ ಎನ್ನಬಹುದು. ‘ಬರೀ ಗಲಾಟೆ’ ಎಂದೂ ಎನ್ನಬಹುದು. ಎರಡೂ ಸುಲಭ. ಆದರೆ ಆಲ್ಬಂ ಕೇಳದೇ ಇರುವ ಓದುಗನಿಗೆ ಈ ಎರಡು ಮಾತುಗಳಿಂದ ಏನೊಂದೂ ತಿಳಿಯುವುದಿಲ್ಲ. ಹಾಗಾದರೆ ಇಂಥ ಸಂಗೀತದ ವಿಮರ್ಶೆಯನ್ನು ಹೇಗೆ ಬರೆಯಬೇಕು? ಅದರಿಂದ ಯಾರಿಗೆ ಏನು ಪ್ರಯೋಜನ? ಇದನ್ನು ಸ್ವಲ್ಪ ಯೋಚಿಸೋಣ.

ಅಂಡರ್‌ಗ್ರೌಂಡ್ ಎಂದರೇನು?

ಇದು ಪೊಲೀಸರು ಹುಡುಕುವ ಭೂಗತ ಲೋಕವಲ್ಲ. ದೊಡ್ಡ ಕಂಪನಿಗಳ ಬಂಡವಾಳವಿಲ್ಲದೆ, ಜಾಹೀರಾತಿನ ಅಬ್ಬರವಿಲ್ಲದೆ, ತಾವೇ ಹಣ ಹೊಂದಿಸಿಕೊಂಡು ಹಾಡು ಮುದ್ರಿಸಿ, ಕೈಯಿಂದ ಕೈಗೆ ದಾಟಿಸುವ ತಂಡಗಳ ಸಂಗೀತಕ್ಕೆ ಈ ಹೆಸರು. ಹೆವಿ ಮೆಟಲ್ 1960ರ ದಶಕದ ಕೊನೆಯಲ್ಲಿ ಮುಖ್ಯವಾಗಿ ಇಂಗ್ಲೆಂಡಿನಲ್ಲಿ ರೂಪುಗೊಂಡಿತು. ಪಂಕ್ 1970ರ ದಶಕದ ನಡುವೆ ನ್ಯೂಯಾರ್ಕ್ ಮತ್ತು ಲಂಡನ್ ನಗರಗಳಲ್ಲಿ ತಲೆಯೆತ್ತಿತು. ಎರಡೂ ರಾಕ್ ಸಂಗೀತದ ಮಕ್ಕಳೇ.

ಒಂದು ಉದಾಹರಣೆ ನೋಡಿ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಬಝ್‌ಕಾಕ್ಸ್ ಎಂಬ ಪಂಕ್ ತಂಡ 1976ರ ಡಿಸೆಂಬರ್ 28ರಂದು ನಾಲ್ಕು ಹಾಡುಗಳನ್ನು ಒಂದೇ ದಿನದಲ್ಲಿ ಮುದ್ರಿಸಿಕೊಂಡಿತು. ಗೆಳೆಯರಿಂದ, ಮನೆಯವರಿಂದ ಸುಮಾರು 500 ಪೌಂಡ್ ಸಾಲ ತಂದು, 1977ರ ಜನವರಿಯಲ್ಲಿ ‘ಸ್ಪೈರಲ್ ಸ್ಕ್ರ್ಯಾಚ್’ ಎಂಬ ಕಿರುಮುದ್ರಿಕೆಯನ್ನು ತಾನೇ ಹೊರತಂದಿತು. ಮೊದಲು ಮಾಡಿಸಿದ್ದು 1000 ಪ್ರತಿ. ಯಾವ ಹಾಡನ್ನು ಎಷ್ಟನೇ ಸಲದ ಪ್ರಯತ್ನದಲ್ಲಿ ಮುದ್ರಿಸಿದೆವು ಎಂಬುದನ್ನೂ ಹೊದಿಕೆಯ ಮೇಲೆ ಅಚ್ಚುಹಾಕಿಸಿದರು. ‘ನೋಡಿ, ಇದರಲ್ಲಿ ಮಾಯಮಂತ್ರವೇನಿಲ್ಲ, ನೀವೂ ಮಾಡಬಹುದು’ ಎಂದು ಹೇಳಿದಂತಿತ್ತು ಅದು. ಆ ಸಾವಿರ ಪ್ರತಿ ಬೇಗನೆ ಖರ್ಚಾಗಿ ಮತ್ತೆ ಮತ್ತೆ ಮಾಡಿಸಬೇಕಾಯಿತು.

ಆದರೆ ಹೊರತಂದರೆ ಸಾಕೆ? ಹೀಗೊಂದು ಮುದ್ರಿಕೆ ಬಂದಿದೆ ಎಂದು ಬೇರೆ ಊರಿನವರಿಗೆ ತಿಳಿಯುವುದು ಹೇಗೆ?

ಕೇಳುಗರೇ ಬರೆದರು

ಇಲ್ಲಿ ವಿಮರ್ಶೆಯ ಪಾತ್ರ ಬರುತ್ತದೆ. 1976ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ರಮೋನ್ಸ್ ತಂಡದ ಮೊದಲ ಆಲ್ಬಂ ಬಂತು. 14 ಹಾಡುಗಳು, ಎಲ್ಲ ಸೇರಿ ಅರ್ಧ ಗಂಟೆಯೂ ಇಲ್ಲ. ಅದನ್ನು ಕೇಳಿ ಮೈಮರೆತವರಲ್ಲಿ ಮಾರ್ಕ್ ಪೆರಿ ಎಂಬ 19ರ ಹುಡುಗ ಒಬ್ಬ. ಲಂಡನ್ನಿನ ಬ್ಯಾಂಕೊಂದರಲ್ಲಿ ಗುಮಾಸ್ತ. ಈ ಸಂಗೀತದ ಬಗ್ಗೆ ಬರೆಯುವ ಪತ್ರಿಕೆಯೇ ಇಲ್ಲವಲ್ಲ ಎನಿಸಿದಾಗ ಅವನು ಗೊಣಗುತ್ತ ಕೂರಲಿಲ್ಲ. ಮಕ್ಕಳ ಟೈಪ್‌ರೈಟರಿನಲ್ಲಿ ಬೆರಳಚ್ಚು ಮಾಡಿ, ಶೀರ್ಷಿಕೆಗಳನ್ನು ದಪ್ಪ ಪೆನ್ನಿನಲ್ಲಿ ಗೀಚಿ, ಜೆರಾಕ್ಸ್ ಮಾಡಿಸಿ, 1976ರ ಜುಲೈನಲ್ಲಿ ‘ಸ್ನಿಫಿನ್ ಗ್ಲೂ’ ಎಂಬ ಪುಟ್ಟ ಪತ್ರಿಕೆಯನ್ನು ತಂದ. ಒಂದು ವರ್ಷದೊಳಗೆ ಅದರ ಓದುಗರು ಸಾವಿರಾರು ಮಂದಿಯಾದರು. ತನ್ನನ್ನೇ ನಂಬಿ ಕೂರದೆ ನೀವೂ ಪತ್ರಿಕೆ ಮಾಡಿ ಎಂದು ಅವನು ಓದುಗರನ್ನು ಒತ್ತಾಯಿಸಿದ. ಅನೇಕರು ಮಾಡಿದರು. ಅಭಿಮಾನಿಗಳೇ ನಡೆಸುವ ಇಂಥ ಪತ್ರಿಕೆಗಳಿಗೆ ಫ್ಯಾನ್‌ಝೀನ್ ಎಂದು ಹೆಸರು.

ಮೆಟಲ್ ಲೋಕದಲ್ಲಿ ಇದೇ ಕೆಲಸವನ್ನು ಧ್ವನಿಸುರುಳಿಗಳೂ ಮಾಡಿದವು. ಅಮೆರಿಕದ ಮೆಟಾಲಿಕಾ ತಂಡ 1982ರ ಜುಲೈನಲ್ಲಿ ಮಾಡಿದ ಮಾದರಿ ಸುರುಳಿಯೊಂದು ಅಭಿಮಾನಿಗಳ ನಡುವೆ ಪ್ರತಿಯಿಂದ ಪ್ರತಿಯಾಗಿ, ಅಂಚೆಯ ಮೂಲಕ ದೇಶ ದೇಶ ಸುತ್ತಿತು. ನ್ಯೂಜೆರ್ಸಿಯಲ್ಲಿ ಸಂಗೀತದ ಅಂಗಡಿ ನಡೆಸುತ್ತಿದ್ದ ಜಾನ್ ಝಝುಲಾ ಅದನ್ನು ಕೇಳಿ ತಂಡವನ್ನು ಕರೆಸಿಕೊಂಡರು. ಮರುವರ್ಷ ಮೊದಲ ಆಲ್ಬಂ ಹೊರಬಂತು. ಸುರುಳಿಯ ಜೊತೆಗೆ ಒಂದು ಚೀಟಿ, ಚೀಟಿಯಲ್ಲಿ ನಾಲ್ಕು ಮಾತು: ‘ಇದು ಹೀಗಿದೆ, ಇದನ್ನು ಕೇಳು.’ ವಿಮರ್ಶೆಯ ಬೀಜರೂಪ ಇದೇ ಅಲ್ಲವೆ?

ಈಗ ಕಾಲ ಬದಲಾಗಿದೆ. ಮನೆಯ ಕೋಣೆಯಲ್ಲೇ ಮುದ್ರಿಸಿ, ಸಂಜೆಯೊಳಗೆ ಅಂತರಜಾಲಕ್ಕೆ ಹಾಕಬಹುದು. ಅಂದು ಹಾಡು ಸಿಗುವುದು ಕಷ್ಟವಾಗಿತ್ತು. ಇಂದು ಸಿಕ್ಕ ರಾಶಿಯಲ್ಲಿ ಯಾವುದನ್ನು ಕೇಳುವುದು ಎಂಬುದೇ ಕಷ್ಟ. ಆದ್ದರಿಂದ ನಂಬಿಕಸ್ತ ವಿಮರ್ಶಕನ ಅಗತ್ಯ ಹೋಗಿಲ್ಲ. ಒಬ್ಬ ವಿದ್ಯಾರ್ಥಿ ಕೈಖರ್ಚಿನ ಹಣ ಉಳಿಸಿ, ನಿಮ್ಮ ಮಾತು ನಂಬಿ ಆಲ್ಬಂ ಕೊಳ್ಳುತ್ತಾನೆ. ಇನ್ನೊಂದೆಡೆ ಸಾಲ ಮಾಡಿ ಹಾಡು ಮುದ್ರಿಸಿದ ತಂಡಕ್ಕೆ ನಿಮ್ಮದೇ ಮೊದಲ ವಿಮರ್ಶೆ ಆಗಿರಬಹುದು, ಕೊನೆಯದೂ ಆಗಿರಬಹುದು. ಸುಳ್ಳು ಹೊಗಳಿಕೆ ಒಬ್ಬನಿಗೆ ಮೋಸ, ಸೋಮಾರಿ ತೆಗಳಿಕೆ ಇನ್ನೊಬ್ಬರಿಗೆ ಅನ್ಯಾಯ. ವಿಮರ್ಶಕ ನ್ಯಾಯಾಧೀಶನಾಗುವ ಮೊದಲು ಒಳ್ಳೆಯ ಸಾಕ್ಷಿಯಾಗಬೇಕು ಎನ್ನುವುದು ಇದಕ್ಕಾಗಿ.

ಮೊದಲು ವರ್ಣನೆ

ಸಾಕ್ಷಿ ತಾನು ಕಂಡದ್ದನ್ನು ಹೇಳುತ್ತಾನೆ. ನೀವು ಕೇಳಿದ್ದನ್ನು ಹೇಳಬೇಕು. ಅದಕ್ಕೆ ಈ ಸದ್ದು ಹೇಗೆ ಹುಟ್ಟುತ್ತದೆ ಎಂಬುದು ತಿಳಿದಿರಬೇಕು.

ಗಿಟಾರಿನ ಆ ಗರಗಸದ ದನಿಗೆ ಡಿಸ್ಟಾರ್ಷನ್ ಎನ್ನುತ್ತಾರೆ. ಆಂಪ್ಲಿಫೈಯರಿಗೆ ಅದು ತಾಳುವುದಕ್ಕಿಂತ ಹೆಚ್ಚು ಬಲದ ಸಂಕೇತ ಕೊಟ್ಟಾಗ ಧ್ವನಿತರಂಗದ ತುದಿಗಳು ಕತ್ತರಿಸಿಹೋಗುತ್ತವೆ. ಆಗ ಮೂಲಸ್ವರದ ಜೊತೆಗೆ ಅನೇಕ ಉಪಸ್ವರಗಳು ಹುಟ್ಟಿ ದನಿ ದಪ್ಪವಾಗುತ್ತದೆ, ಒರಟಾಗುತ್ತದೆ. ಈ ಸ್ಥಿತಿಯಲ್ಲಿ ಮೂರು ನಾಲ್ಕು ಬೇರೆ ಬೇರೆ ಸ್ವರಗಳನ್ನು ಒಟ್ಟಿಗೆ ಮೀಟಿದರೆ ಉಪಸ್ವರಗಳು ಒಂದಕ್ಕೊಂದು ತಿಕ್ಕಾಡಿ ಎಲ್ಲವೂ ರಾಡಿಯಾಗುತ್ತದೆ. ಅದಕ್ಕೇ ಪಂಕ್ ಮತ್ತು ಮೆಟಲ್ ವಾದಕರು ಗಾಂಧಾರವನ್ನು ಬಿಟ್ಟು, ಹೆಚ್ಚಾಗಿ ಎರಡೇ ಸ್ವರಗಳನ್ನು ಕೂಡಿಸುತ್ತಾರೆ. ಇದಕ್ಕೆ ಪವರ್ ಕಾರ್ಡ್ ಎಂದು ಹೆಸರು. ಆ ಎರಡು ಸ್ವರಗಳು ಯಾವುವು ಗೊತ್ತೆ? ಷಡ್ಜ ಮತ್ತು ಪಂಚಮ! ನಮ್ಮ ತಂಬೂರಿಯ ಸ್ವರಗಳೇ. ಕಚೇರಿಯಲ್ಲಿ ತಂಬೂರಿಯ ನಾದ ಕೇಳಿ ಬೆಳೆದ ಕಿವಿಗೆ ಮೆಟಲ್ ಅಷ್ಟೇನೂ ಪರಕೀಯವಲ್ಲ.

ಇನ್ನೊಂದು ಉದಾಹರಣೆ. ಬರ್ಮಿಂಗ್‌ಹ್ಯಾಂ ಎಂಬ ಕಾರ್ಖಾನೆಗಳ ಊರಿನ ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ಆಲ್ಬಂ 1970ರ ಫೆಬ್ರವರಿ 13ರಂದು ಬಂತು. ತಂಡದ ಹೆಸರನ್ನೇ ಹೊತ್ತ ಅದರ ಮೊದಲ ಹಾಡಿನ ಗಿಟಾರ್ ನಡೆಯಲ್ಲಿ ಮುಖ್ಯವಾಗಿ ಮೂರೇ ನೆಲೆಗಳು: ಷಡ್ಜ, ಮೇಲಿನ ಷಡ್ಜ, ಆಮೇಲೆ ಪ್ರತಿಮಧ್ಯಮ. ಕಲ್ಯಾಣಿ ರಾಗದಲ್ಲಿ ಮನಸ್ಸನ್ನು ಅರಳಿಸುವ ಪ್ರತಿಮಧ್ಯಮವೇ ಇದು. ಆದರೆ ಅಕ್ಕಪಕ್ಕದ ಸ್ವರಗಳ ಆಸರೆಯಿಲ್ಲದೆ, ಒಂಟಿಯಾಗಿ, ಬಹಳ ನಿಧಾನವಾಗಿ ಬಂದಾಗ ಅದು ಎದೆ ನಡುಗಿಸುತ್ತದೆ. ಗಿಟಾರ್ ವಾದಕ ಟೋನಿ ಅಯೋಮಿ ಹದಿಹರೆಯದಲ್ಲಿ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡಿದ್ದರು. ತಂತಿ ಒತ್ತುವ ಕೈ ಅದೇ. ತಾವೇ ಮಾಡಿಕೊಂಡ ಟೊಪ್ಪಿಗಳನ್ನು ಬೆರಳಿಗೆ ತೊಟ್ಟು, ತೆಳು ತಂತಿ ಹಾಕಿ ನುಡಿಸಿದರು. ಮುಂದೆ 1971ರ ಹೊತ್ತಿಗೆ ಶ್ರುತಿಯನ್ನೂ ಇಳಿಸಿಕೊಂಡರು. ಆ ಭಾರವಾದ ನಾದದ ಹಿಂದೆ ಇಂಥ ಕಾರಣಗಳಿವೆ.

ಇಷ್ಟು ತಿಳಿದರೆ ನಿಮ್ಮ ವಾಕ್ಯವೇ ಬದಲಾಗುತ್ತದೆ. ‘ಗಿಟಾರ್ ಭಯಂಕರವಾಗಿದೆ’ ಎನ್ನುವ ಬದಲು ಹೀಗೆ ಬರೆದು ನೋಡಿ: ‘ಗಿಟಾರಿನ ಶ್ರುತಿ ಬಹಳ ಕೆಳಗಿದೆ. ಲಯ ಶವಯಾತ್ರೆಯಷ್ಟು ನಿಧಾನ. ನಾಲ್ಕನೆಯ ನಿಮಿಷದಲ್ಲಿ ಡ್ರಮ್ ಒಮ್ಮೆಗೇ ದುಪ್ಪಟ್ಟು ವೇಗಕ್ಕೆ ಜಿಗಿಯುತ್ತದೆ. ಹಾಡುಗಾರನ ಮಾತು ಅರ್ಥವಾಗುವುದಿಲ್ಲ, ಆದರೆ ಸಂಕಟ ಅರ್ಥವಾಗುತ್ತದೆ.’ ಇದನ್ನು ಓದಿದವನು ತನಗೆ ಬೇಕೋ ಬೇಡವೋ ತಾನೇ ನಿರ್ಧರಿಸಬಲ್ಲ.

ಉದ್ದೇಶವೇನು, ಫಲಿಸಿತೆ?

ಬಝ್‌ಕಾಕ್ಸ್ ತಂಡದ ಆ ಕಿರುಮುದ್ರಿಕೆಗೆ ಮರಳೋಣ. ಅದರಲ್ಲಿ ‘ಬೋರ್ಡಮ್’, ಅಂದರೆ ಬೇಸರ, ಎಂಬ ಹಾಡಿದೆ. ಅದರ ಗಿಟಾರ್ ತನಿಯಲ್ಲಿ ಎರಡೇ ಸ್ವರಗಳು. ಅವನ್ನೇ ಮತ್ತೆ ಮತ್ತೆ ನುಡಿಸುತ್ತಾರೆ. ‘ಪಾಪ, ಇವರಿಗೆ ನುಡಿಸಲು ಬಾರದು’ ಎಂದು ಬರೆದವನು ಹಾಡಿನ ಹೆಸರನ್ನೇ ಗಮನಿಸಲಿಲ್ಲ ಎಂದರ್ಥ. ಬೇಸರವನ್ನು ಕುರಿತ ಹಾಡಿಗೆ ಬೇಸರ ಬರಿಸುವಂಥ ತನಿ! ಅದು ಅಸಾಮರ್ಥ್ಯವಲ್ಲ, ಕುಚೇಷ್ಟೆ. ಹೋಳಿಗೆ ಮಾಡಿದವನನ್ನು ‘ಸಾರು ಯಾಕಿಲ್ಲ’ ಎಂದು ಕೇಳಬಾರದು, ಹೋಳಿಗೆ ಹೇಗಾಗಿದೆ ಎಂದು ನೋಡಬೇಕು. ತಂಡ ಏನು ಮಾಡಲು ಹೊರಟಿತ್ತು? ಅದು ಕೈಗೂಡಿತೆ? ಈ ಎರಡು ಪ್ರಶ್ನೆಗಳ ನಂತರವೇ ಮೂರನೆಯದು: ಅದು ಮಾಡಲು ಯೋಗ್ಯವಾದದ್ದೇ?

ಮೂರನೆಯ ಪ್ರಶ್ನೆಯನ್ನು ಬಿಡುವಂತಿಲ್ಲ. ಈ ಸಂಗೀತದ ಸಾಹಿತ್ಯದಲ್ಲಿ ಸಾವು, ಯುದ್ಧ, ರೋಷ ಸಾಕಷ್ಟಿರುತ್ತವೆ. ಭೀಕರವನ್ನು ಚಿತ್ರಿಸುವುದು ತಪ್ಪಲ್ಲ, ನಮ್ಮ ಯಕ್ಷಗಾನದ ಬಣ್ಣದ ವೇಷವೂ ಅದನ್ನೇ ಮಾಡುತ್ತದೆ. ಆದರೆ ಒಂದು ಜನಾಂಗವನ್ನೋ ಹೆಣ್ಣುಮಕ್ಕಳನ್ನೋ ದ್ವೇಷಿಸಲು ಹೇಳುವ ಹಾಡಾದರೆ, ಗಿಟಾರ್ ಎಷ್ಟೇ ಚೆನ್ನಾಗಿದ್ದರೂ ಆ ಮಾತನ್ನು ಓದುಗರಿಗೆ ಮುಚ್ಚುಮರೆಯಿಲ್ಲದೆ ತಿಳಿಸಿ.

ತಪ್ಪಿದರೆ ಒಪ್ಪಿಕೊಳ್ಳಿ

ದೊಡ್ಡ ವಿಮರ್ಶಕರೂ ತಪ್ಪುತ್ತಾರೆ. ಅಮೆರಿಕದ ಲೆಸ್ಟರ್ ಬ್ಯಾಂಗ್ಸ್ 20 ವರ್ಷದ ಹುಡುಗನಾಗಿದ್ದಾಗ ‘ರೋಲಿಂಗ್ ಸ್ಟೋನ್’ ಪತ್ರಿಕೆಗೆ ಅಂಚೆಯಲ್ಲಿ ವಿಮರ್ಶೆಯೊಂದನ್ನು ಕಳುಹಿಸಿದ. ಡೆಟ್ರಾಯಿಟ್ ನಗರದ ಎಂ.ಸಿ.5 ತಂಡದ ‘ಕಿಕ್ ಔಟ್ ದ ಜಾಮ್ಸ್’ ಆಲ್ಬಂ ಬಗ್ಗೆ ಅದು. ಪತ್ರಿಕೆಗಳು ತಂಡವನ್ನು ಮೊದಲೇ ಹಾಡಿ ಹೊಗಳಿದ್ದವು. ಆ ನಿರೀಕ್ಷೆಯಿಂದ ಕೇಳಿ ನಿರಾಶನಾದ ಬ್ಯಾಂಗ್ಸ್ ಆಲ್ಬಮನ್ನು ಚೆನ್ನಾಗಿ ಝಾಡಿಸಿದ. 1969ರ ಏಪ್ರಿಲ್‌ನಲ್ಲಿ ಅದು ಅಚ್ಚಾಯಿತು. ಆದರೆ ಅವನು ಆಲ್ಬಮನ್ನು ಮೂಲೆಗೆ ಎಸೆಯಲಿಲ್ಲ. ಮತ್ತೆ ಮತ್ತೆ ಕೇಳಿದ. ಕೇಳುತ್ತ ಕೇಳುತ್ತ ಅದು ಅವನ ಮೆಚ್ಚಿನದಾಯಿತು, ಅದನ್ನು ಬಹಿರಂಗವಾಗಿ ಒಪ್ಪಿಕೊಂಡ. ಬ್ಲ್ಯಾಕ್ ಸಬ್ಬತ್ತಿನ ಮೊದಲ ಆಲ್ಬಮನ್ನೂ ಅವನು ತಳ್ಳಿಹಾಕಿದ್ದ. 1972ರಲ್ಲಿ ‘ಕ್ರೀಮ್’ ಪತ್ರಿಕೆಯಲ್ಲಿ ಅದೇ ತಂಡದ ಬಗ್ಗೆ ಸಹಾನುಭೂತಿಯ ದೀರ್ಘ ಲೇಖನ ಬರೆದ. ಇಂದಿಗೂ ಅವನ ಹೆಸರನ್ನು ಗೌರವದಿಂದ ನೆನೆಯುವವರಿದ್ದಾರೆ. ತಪ್ಪಿದ್ದರಿಂದ ಅವನ ಮಾನ ಹೋಗಲಿಲ್ಲ, ತಿದ್ದಿಕೊಂಡಿದ್ದರಿಂದ ಹೆಚ್ಚಿತು.

ನಮ್ಮೂರಿನ ಕಿವಿ

ಇದೆಲ್ಲ ಪರದೇಶದ ಮಾತಾಯಿತು, ನಮಗೇನು ಎನ್ನಬೇಡಿ. 1993ರಲ್ಲಿ ಅಮಿತ್ ಸೈಗಲ್ ಅಲಹಾಬಾದಿನಿಂದ ‘ರಾಕ್ ಸ್ಟ್ರೀಟ್ ಜರ್ನಲ್’ ಎಂಬ ಪತ್ರಿಕೆ ಆರಂಭಿಸಿ ಭಾರತದ ತಂಡಗಳ ಬಗ್ಗೆ ಬರೆಯಲು ಒಂದು ಜಾಗ ಮಾಡಿಕೊಟ್ಟರು. 1998ರಲ್ಲಿ ಹುಟ್ಟಿದ ಬೆಂಗಳೂರಿನ ಕ್ರಿಪ್ಟೋಸ್ ತಂಡ 2004ರಲ್ಲಿ ‘ಸ್ಪೈರಲ್ ಅಸೆಂಟ್’ ಎಂಬ ಮೊದಲ ಆಲ್ಬಂ ತಂದಿತು. 2013ರಲ್ಲಿ ಜರ್ಮನಿಯ ವಾಕನ್ ಮೆಟಲ್ ಉತ್ಸವದಲ್ಲಿ ನುಡಿಸಿತು.

ಬೆಂಗಳೂರಿನದೇ ಇನ್ನೊಂದು ತಂಡ, ನಿಧಾನಗತಿಯ ಡೂಮ್ ಮೆಟಲ್ ನುಡಿಸುವ ‘ಬೆವಾರ್ ಸೀ’. ಇದರ ಮೊದಲ ಆಲ್ಬಂ 2012ರಲ್ಲಿ ಬಂತು. ಪರದೇಶದ ವಿಮರ್ಶಕನಿಗೆ ಈ ಹೆಸರು ಯಾವುದೋ ಸಮುದ್ರದ ಹೆಸರಿನಂತೆ ಕಂಡೀತು. ಒಮ್ಮೆ ಗಟ್ಟಿಯಾಗಿ ಉಚ್ಚರಿಸಿ, ನಿಮಗೆ ತಟ್ಟನೆ ನಗು ಬರುತ್ತದೆ. ವಾರಸುದಾರರಿಲ್ಲದವನು ಎಂಬ ಅರ್ಥದಿಂದ ಬೈಗುಳಕ್ಕೆ ಇಳಿದ ನಮ್ಮ ಬೀದಿಯ ಮಾತು ಅದರೊಳಗೆ ಅಡಗಿದೆ. ಆ ನಗುವನ್ನು ಜಗತ್ತಿಗೆ ವಿವರಿಸಬಲ್ಲವರು ನೀವೇ ಹೊರತು ಲಂಡನ್ನಿನ ವಿಮರ್ಶಕನಲ್ಲ. ತಂಬೂರಿ ಕೇಳಿದ ಕಿವಿ, ಕನ್ನಡ ಬಲ್ಲ ನಾಲಗೆ, ಇವು ವಿಮರ್ಶೆಗೆ ನಿಮ್ಮ ಸ್ವಂತ ಬಂಡವಾಳ.

ಈಗ ನಿಮ್ಮ ಸರದಿ

ಒಂದು ಹೊಸ ಆಲ್ಬಂ ಆರಿಸಿಕೊಳ್ಳಿ. ಮೊದಲ ಸಲ ಪೆನ್ನು ಮುಟ್ಟದೆ ಪೂರ್ತಿ ಕೇಳಿ. ಧ್ವನಿಯನ್ನು ವಿಪರೀತ ಏರಿಸಬೇಡಿ, ಕಿವಿ ಕೆಟ್ಟರೆ ವಿಮರ್ಶೆಯೂ ಇಲ್ಲ, ಸಂಗೀತವೂ ಇಲ್ಲ. ಎರಡನೆಯ ಸಲ ಗಡಿಯಾರ ಮುಂದಿಟ್ಟುಕೊಳ್ಳಿ. 15 ಸೆಕೆಂಡಿನಲ್ಲಿ ಬೀಳುವ ಪೆಟ್ಟುಗಳನ್ನು ಎಣಿಸಿ 4ರಿಂದ ಗುಣಿಸಿದರೆ ನಿಮಿಷದ ಲಯ ಸಿಗುತ್ತದೆ. ಎಲ್ಲಿ ಏನು ಬದಲಾಯಿತು ಎಂದು ಗುರುತು ಹಾಕಿಕೊಳ್ಳಿ. ಮೂರನೆಯ ಸಲ ಸಾಹಿತ್ಯವನ್ನು ಕೈಯಲ್ಲಿ ಹಿಡಿದು ಕೇಳಿ. ತಂಡದ ಹೆಸರು, ಊರು, ವರ್ಷ, ಹಾಡುಗಳ ಸಂಖ್ಯೆ ತಪ್ಪದೆ ಬರೆಯಿರಿ. ತಂಡದವರು ನಿಮ್ಮ ಗೆಳೆಯರಾದರೆ, ಅಥವಾ ಆಲ್ಬಂ ಪುಕ್ಕಟೆ ಬಂದಿದ್ದರೆ, ಅದನ್ನೂ ಹೇಳಿಬಿಡಿ. ಕೊನೆಯಲ್ಲಿ ನಿಮ್ಮ ತೀರ್ಪು ಕೊಡಿ, ಹಿಂಜರಿಯದೆ ಕೊಡಿ, ಕಾರಣ ಸಮೇತ ಕೊಡಿ.

ಬರೆದದ್ದನ್ನು ಆ ತಂಡದ ಹುಡುಗನೊಬ್ಬನ ಎದುರು ನಿಂತು ಓದುತ್ತಿದ್ದೀರಿ ಎಂದು ಭಾವಿಸಿ ಒಮ್ಮೆ ಓದಿ. ಪಕ್ಕದಲ್ಲೇ, ನಿಮ್ಮ ಮಾತು ನಂಬಿ ಹಣ ಕೊಟ್ಟ ಕೇಳುಗನೂ ನಿಂತಿದ್ದಾನೆ ಎಂದುಕೊಳ್ಳಿ. ಇಬ್ಬರ ಮುಖವನ್ನೂ ನೋಡಿ ಓದಲು ಸಾಧ್ಯವಾದರೆ, ಅದನ್ನು ಧಾರಾಳವಾಗಿ ಭಿತ್ತಿಪತ್ರಿಕೆಗೆ ಅಂಟಿಸಬಹುದು.