ಪಡಸಾಲಿ ಅಂಚಿನ ಗ್ವಾದಲಿ

ಕ್ರಿಸ್‌ಮಸ್ ಯೇಸು ಹುಟ್ಟಿದ ಹಬ್ಬ. ಹುಟ್ಟಿದ ತಾರೀಖು ಬೈಬಲಿನಲ್ಲಿಲ್ಲ. ಡಿಸೆಂಬರ್ 25 ಎಂಬುದು ರೋಮಿನ ಒಂದು ಪಟ್ಟಿಯಲ್ಲಿ ಕ್ರಿ.ಶ. 336ರ ಹೊತ್ತಿಗೆ ಕಾಣಿಸುತ್ತದೆ. ಆರ್ಮೇನಿಯಾದ ಸಭೆಗೆ ಇಂದಿಗೂ ಜನವರಿ 6ರಂದೇ ಹಬ್ಬ. ಹುಟ್ಟಿನ ಕಥೆ ಬರುವುದು ಮತ್ತಾಯ ಮತ್ತು ಲೂಕ, ಈ ಎರಡು ಸುವಾರ್ತೆಗಳಲ್ಲಿ ಮಾತ್ರ. ಮೂಡಣ ಸೀಮೆಯ ಜ್ಞಾನಿಗಳು ಬರುವುದು ಮತ್ತಾಯನಲ್ಲಿ, ಕುರುಬರು ಬರುವುದು ಲೂಕನಲ್ಲಿ. ಜ್ಞಾನಿಗಳು ಮೂವರೆಂದಾಗಲಿ ರಾಜರೆಂದಾಗಲಿ ಮತ್ತಾಯ ಎಲ್ಲಿಯೂ ಹೇಳಿಲ್ಲ. ಇದಿಷ್ಟು ಗೊತ್ತಿದ್ದರೆ ಸಾಕು.

ಬಳ್ಳಾರಿಯ ಲಂಡನ್ ಮಿಷನ್ನಿನಿಂದ ಮಿಷನರಿ ಜೋಸೆಫ್ ಟೇಲರ್ ಈ ಕಥೆ ಹೊತ್ತು 1820ರಲ್ಲಿ ಬೆಳಗಾವಿಗೆ ಬಂದ. 1904ರಲ್ಲಿ ಅಲ್ಲಿನ ಮಿಷನ್ ಕೆಲಸ ಮೆಥಡಿಸ್ಟರ ಕೈಗೆ ಬಂತು. ಅಂದರೆ ಈ ಸೀಮೆ ಕ್ರಿಸ್‌ಮಸ್ ಕಥೆ ಕೇಳಲು ತೊಡಗಿ ಇನ್ನೂರು ವರ್ಷ ದಾಟಿದೆ. ಇಷ್ಟು ಕೇಳಿದ ಕಥೆಯಲ್ಲಿ ಇನ್ನು ಬೆರಗು ಎಲ್ಲಿ ಉಳಿದಿದೆ ಎಂದು ಹಬ್ಬ ಮಾಡುವವರೇ ಕೇಳುತ್ತಾರೆ. ಉಳಿದಿದೆ. ಕಥೆಯ ಮೇಲೆ ನಾವು ಅಂಟಿಸಿಕೊಂಡ ಒಂದು ಚಿತ್ರ ಅದನ್ನು ಮುಚ್ಚಿಬಿಟ್ಟಿದೆ.

ಆ ಚಿತ್ರ ಎಲ್ಲರಿಗೂ ಗೊತ್ತು. ತುಂಬಿದ ಬಸುರಿ ಮರಿಯಳು ಬೇತ್ಲೆಹೇಮಿಗೆ ಬರುತ್ತಾಳೆ. ಛತ್ರದವನು ಜಾಗವಿಲ್ಲವೆಂದು ಕದ ಹಾಕುತ್ತಾನೆ. ಊರಾಚೆ, ಹಾಳು ಕೊಟ್ಟಿಗೆಯೊಂದರಲ್ಲಿ, ಯಾರೂ ಇಲ್ಲದ ಕಡೆ ಕೂಸು ಹುಟ್ಟುತ್ತದೆ. ಈಗ ಲೂಕನ ಎರಡನೆಯ ಅಧ್ಯಾಯ ತೆರೆದು ನೋಡಿ. ಕದ ಹಾಕಿದ ಛತ್ರದವನು ಅಲ್ಲಿಲ್ಲ. ಕೊಟ್ಟಿಗೆ ಎಂಬ ಮಾತೂ ಇಲ್ಲ. ಇರುವುದು ಒಂದು ಗೋದಲಿ, ನಮ್ಮ ಕಡೆಯ ಮಾತಿನಲ್ಲಿ ಗ್ವಾದಲಿ. ಕನ್ನಡ ಬೈಬಲಿನಲ್ಲಿ ‘ಛತ್ರ’ ಎಂದಾಗಿರುವ ಗ್ರೀಕ್ ಮಾತನ್ನೇ ಲೂಕ ಯೇಸುವಿನ ಕಡೆಯ ಊಟದ ಕೋಣೆಗೂ ಬಳಸಿದ್ದಾನೆ. ಹಾದಿಬದಿಯ ನಿಜವಾದ ಛತ್ರಕ್ಕೆ ಅವನಲ್ಲಿ ಬೇರೆ ಮಾತಿದೆ. ಹಾಗಾಗಿ ಇಲ್ಲಿ ತುಂಬಿಹೋಗಿದ್ದದ್ದು ಮನೆಯೊಂದರ ಅತಿಥಿಕೋಣೆ ಎನ್ನುತ್ತಾರೆ ಹಲವು ವಿದ್ವಾಂಸರು. ಮರಿಯಳೊಂದಿಗೆ ಯೋಸೇಫ ಬಂದಿದ್ದು ತನ್ನ ಹಿರಿಯರ ಊರಿಗೆ. ಅಂಥ ಊರಲ್ಲಿ ದಿನ ತುಂಬಿದ ಹೆಂಗಸನ್ನು ಹೊರಗೆ ನಿಲ್ಲಿಸುವ ಬಂಧುಗಳು ಇರುತ್ತಾರೆಯೇ?

ಹಾಗಾದರೆ ಮನೆಯೊಳಗೆ ಗೋದಲಿ ಹೇಗೆ ಬಂತು? ಪಟ್ಟಣದ ಓದುಗರು ಎಡವುವುದು ಇಲ್ಲಿಯೇ. ನಮ್ಮ ಸೀಮೆಯ ಮಸಗುಪ್ಪಿಯಂಥ ಹಳ್ಳಿಯ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಡೆಯ ಹಳೇ ಮಾಳಿಗೆ ಮನೆಯ ತಲಬಾಗಿಲು ದಾಟಿದರೆ ಮೊದಲು ಸಿಗುವುದು ದನ ಕಟ್ಟುವ ತಗ್ಗಿನ ಅಂಕಣ. ಅದರ ಮುಂದೆ ಎತ್ತರದ ಪಡಸಾಲಿ. ಎತ್ತಿನ ಉಸಿರು ಮಲಗಿದವರಿಗೆ ಕೇಳಬೇಕು, ಅಷ್ಟು ಹತ್ತಿರ. ಪ್ಯಾಲೆಸ್ಟೈನಿನ ರೈತರ ಹಳೇ ಮನೆಗಳೂ ಹೀಗೆಯೇ ಇದ್ದವು: ಒಂದೇ ಸೂರು, ದನಗಳಿಗೆ ತಗ್ಗು, ಜನರಿಗೆ ಜಗಲಿ, ಎರಡರ ನಡುವಿನ ಅಂಚಿನಲ್ಲಿ ಗ್ವಾದಲಿ. ಹೊಟ್ಟು ಹಾಸಿದ ಗ್ವಾದಲಿ ಕೂಸಿಗೆ ಬೆಚ್ಚಗಿನ ಜಾಗ, ಉರುಳಿ ಬೀಳುವ ಭಯವಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತಿನ ಮುಂದೆ ಪುಟ್ಟ ಗ್ವಾದಲಿ ಮಾಡಿಡುವ ನಮ್ಮ ಮಕ್ಕಳಿಗೆ ಯುರೋಪಿನ ಎಷ್ಟೋ ಚಿತ್ರಕಾರರಿಗಿಂತ ಬೇತ್ಲೆಹೇಮು ಚೆನ್ನಾಗಿ ಗೊತ್ತು! ಯೇಸು ಗುಹೆಯಲ್ಲಿ ಹುಟ್ಟಿದನೆಂಬ ಮಾತೂ ಎರಡನೆಯ ಶತಮಾನದಿಂದಲೇ ಇದೆ. ಬೇತ್ಲೆಹೇಮಿನ ಪುರಾತನ ದೇವಾಲಯ ನಿಂತಿರುವುದೂ ಗುಹೆಯ ಮೇಲೆ. ಆ ಊರಲ್ಲಿ ಗುಹೆಗೆ ಸೇರಿಸಿ ಮನೆ ಕಟ್ಟುವುದೂ ಇತ್ತು, ದನ ಅಲ್ಲಿಯೇ ಇರುತ್ತಿದ್ದವು. ಹಾಗಾಗಿ ಗುಹೆಗೂ ಮನೆಗೂ ಜಗಳವಿಲ್ಲ.

ಈ ಮನೆಯನ್ನು ಕಣ್ಣೆದುರು ಇಟ್ಟುಕೊಂಡು ಕುರುಬರ ಪ್ರಸಂಗ ಓದಿ. ರಾತ್ರಿ ಹೊಲದಲ್ಲಿ ಹಿಂಡು ಕಾಯುತ್ತಿದ್ದವರ ಸುತ್ತ ದೇವರ ತೇಜಸ್ಸು ಹರಡುತ್ತದೆ, ಅವರು ಬಹಳ ಹೆದರುತ್ತಾರೆ. ನನಗೆ ಬಹಳ ಹಿಡಿಸುವ ಜಾಗವಿದು: ದೇವದೂತ ಅವರಿಗೆ ಕೊಟ್ಟ ಗುರುತಿನಲ್ಲಿ ತೇಜಸ್ಸಿನ ಮಾತೇ ಇಲ್ಲ. ಬಟ್ಟೆ ಸುತ್ತಿ ಗೋದಲಿಯಲ್ಲಿ ಮಲಗಿಸಿದ ಒಂದು ಕೂಸು, ಅಷ್ಟೇ. ಬೆಳಕು ಬಿದ್ದದ್ದು ಹೊಲದಲ್ಲಿ. ಮನೆಯೊಳಗೆ ಬೆಳಕಾಯಿತೆಂದು ಲೂಕ ಬರೆದಿಲ್ಲ. ಕೂಸಿನ ತಲೆಯ ಸುತ್ತ ಪ್ರಭೆ ಬಿಡಿಸಿದವರು ಆಮೇಲಿನ ಚಿತ್ರಕಾರರು. ಆಕಾಶವೇ ತೆರೆದದ್ದನ್ನು ಕಂಡವರು ಓಡಿಬಂದು ನೋಡಿದ್ದು ತಮ್ಮ ಮನೆಯಂಥದೇ ಮನೆ, ತಮ್ಮ ಕೂಸಿನಂಥದೇ ಕೂಸು. ರೋಮಿನ ಚಕ್ರವರ್ತಿ ಔಗುಸ್ತನ ಹೆಸರಿನಿಂದ ಕಥೆ ಶುರು ಮಾಡಿದ ಲೂಕ ಕೆಲವೇ ಸಾಲುಗಳಲ್ಲಿ ದನದ ಮೇವಿನ ತನಕ ಇಳಿಯುತ್ತಾನೆ. ಬೆರಗು ಹುಟ್ಟುವುದು ಆ ಇಳಿತದಲ್ಲಿ. ಕ್ರೈಸ್ತರು ನಂಬುವಂತೆ ಬಂದವನು ದೇವರೇ ಆದರೆ, ಅವನು ಜನ ತುಂಬಿದ ಮನೆಯ ನಟ್ಟನಡುವೆ ಬಂದ. ಊರಾಚೆಯ ಹಾಳು ಕೊಟ್ಟಿಗೆಯಲ್ಲಿ ಇಟ್ಟರೆ ಅವನ ಮೇಲೆ ಮರುಕ ಹುಟ್ಟುತ್ತದೆ. ಪಡಸಾಲಿಯ ಅಂಚಿನಲ್ಲಿ ಇಟ್ಟರೆ ಮೈ ನವಿರೇಳುತ್ತದೆ.

1223ರಲ್ಲಿ ಇಟಲಿಯ ಗ್ರೆಚ್ಚಿಯೊ ಎಂಬಲ್ಲಿ ಅಸ್ಸಿಸಿಯ ಫ್ರಾನ್ಸಿಸ್ ಆ ಹುಟ್ಟನ್ನು ಕಣ್ಣಾರೆ ಕಾಣಬೇಕೆಂದು ಹುಲ್ಲು ತುಂಬಿದ ಗೋದಲಿ, ನಿಜವಾದ ಎತ್ತು, ಕತ್ತೆ ತರಿಸಿ ಪೂಜೆ ಮಾಡಿಸಿದ. ಇಂದು ಚರ್ಚುಗಳಲ್ಲಿ ಕಟ್ಟುವ ಗೋದಲಿಗಳಿಗೆ ಅದೇ ಪ್ರೇರಣೆ. ನಮ್ಮ ಕಡೆ ಕಟ್ಟುವವರು ಒಮ್ಮೆ ಹುಲ್ಲಿನ ಗುಡಿಸಲು ಬಿಟ್ಟು ಮಾಳಿಗೆ ಮನೆಯನ್ನು, ಅದರ ಪಡಸಾಲಿ, ಬೀಸುಕಲ್ಲು, ಮನೆತುಂಬ ನೆಂಟರ ಸಮೇತ ಕಟ್ಟಿ ನೋಡಬೇಕು.

ಅದಕ್ಕೆ ಮೊದಲು ಆಗಬೇಕಾದ ಕೆಲಸ ಇನ್ನೊಂದಿದೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿದಾಗ ದಂಡೆಯ ಊರುಗಳಲ್ಲಿ ಎಷ್ಟೋ ಮಣ್ಣಿನ ಮನೆಗಳು ಬಿದ್ದವು; ಉಳಿದವನ್ನು ನಾವೇ ಕೆಡವಿ ಆರ್‌ಸಿಸಿ ಹಾಕುತ್ತಿದ್ದೇವೆ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಕಾಲೇಜು ಹುಡುಗರು, ಹುಡುಗಿಯರು ಟೇಪು ಹಿಡಿದು ಹೊರಡಲಿ. ದನದ ಅಂಕಣ ಎಷ್ಟು ತಗ್ಗು, ಪಡಸಾಲಿ ಎಷ್ಟು ಎತ್ತರ, ಗ್ವಾದಲಿ ಕಲ್ಲಿನದೋ ಕಟ್ಟಿಗೆಯದೋ, ಅದರ ಪಕ್ಕ ಮಲಗುತ್ತಿದ್ದವರು ಯಾರು, ಬಾಣಂತಿಗೆ ಯಾವ ಮೂಲೆ ಎಂದು ಅಜ್ಜ-ಅಜ್ಜಿಯರನ್ನು ಕೇಳಿ ನಕ್ಷೆ ಬರೆದಿಡಲಿ. ಹೊರಡುವ ಮೊದಲು ಲೂಕನ ಎರಡನೆಯ ಅಧ್ಯಾಯದ ಮೊದಲ ಇಪ್ಪತ್ತು ವಚನಗಳನ್ನು ಓದಿಕೊಳ್ಳಲಿ, ನಕ್ಷೆ ಮುಗಿದ ಮೇಲೆ ಮತ್ತೊಮ್ಮೆ ಓದಲಿ.