ಬಂಗಾರಪೇಟೆಯಲ್ಲಿ ಕವಲೊಡೆದ ಹಳಿಗಳು

ಚೆನ್ನೈನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವಾಗ ಕುಪ್ಪಂ ದಾಟಿದ ಮೇಲೆ ಬಂಗಾರಪೇಟೆ ಬರುತ್ತದೆ. ಹಿಂದೊಮ್ಮೆ ದಸರಾ ರಜೆಯಲ್ಲಿ ಆ ಬೋರ್ಡನ್ನು ನೋಡಿ ನನ್ನ ಮಗಳು, "ಅಮ್ಮಾ, ಈ ಊರಲ್ಲಿ ಬಂಗಾರ ಸಿಗ್ತಿತ್ತಾ?" ಎಂದು ಕೇಳಿದಳು. ಚೆನ್ನೈನಲ್ಲೇ ಹುಟ್ಟಿ ಬೆಳೆದ ಹುಡುಗಿ, ಕೇಳಿದ್ದರಲ್ಲಿ ತಪ್ಪಿಲ್ಲ. ಆದರೆ ನಾನು ಆ ಸೀಮೆಯವಳು. ಇಷ್ಟು ದಿನ ಏನೂ ಹೇಳಿಕೊಡಲಿಲ್ಲವಲ್ಲ ಎಂದು ನನಗೇ ನಾಚಿಕೆಯಾಯಿತು. ಅಂದು ಅವಳಿಗೆ ಹೇಳಿದ್ದನ್ನೇ ಇಂದು ನಮ್ಮ ಸಂಘದ ಎಲ್ಲ ಮಕ್ಕಳಿಗೂ ಹೇಳುತ್ತೇನೆ.

ಬಂಗಾರಪೇಟೆಗೆ ಆ ಹೆಸರು ಬಂದದ್ದು ಬಂಗಾರದಿಂದಲ್ಲ! 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ಹೆಸರಿನ ಬೌರಿಂಗ್‌ಪೇಟೆ ನಮ್ಮವರ ಬಾಯಲ್ಲಿ ಬಂಗಾರಪೇಟೆಯಾಯಿತು. ಜೋಲಾರಪೇಟೆಯಿಂದ ಬೆಂಗಳೂರಿಗೆ 1864ರಲ್ಲಿ ಹಾಕಿದ ದೊಡ್ಡ ಹಳಿ ಈ ಊರಿನ ಮೇಲೇ ಹೋಗುತ್ತದೆ. ನಿಜವಾದ ಬಂಗಾರವಿದ್ದದ್ದು ಇಲ್ಲಿಂದ ಸುಮಾರು ಹದಿನಾರು ಕಿಲೋಮೀಟರ್ ಒಳಗೆ, ಕೋಲಾರದ ಚಿನ್ನದ ಗಣಿಯಲ್ಲಿ.

1880ರಲ್ಲಿ ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿ ಅಲ್ಲಿ ಕೆಲಸ ಹಿಡಿಯಿತು. ಚಿನ್ನ ತೆಗೆಯುವುದೆಂದರೆ ಬರೀ ಅಗೆಯುವ ಕೆಲಸವಲ್ಲ. ನೀರು ಹೊರಹಾಕಲು, ಕಲ್ಲು ಪುಡಿಮಾಡಲು ಉಗಿ ಯಂತ್ರ ಬೇಕು. ಅದಕ್ಕೆ ಸೌದೆ, ಕಲ್ಲಿದ್ದಲು ಬೇಕು. ಸುರಂಗ ಕುಸಿಯದಂತೆ ಆನಿಸಲು ಮರದ ದಿಮ್ಮಿ ಬೇಕು. ಮೊದಮೊದಲು ಇದೆಲ್ಲ ಸ್ಟೇಷನ್ನಿನಿಂದ ಎತ್ತಿನಗಾಡಿಯಲ್ಲಿ ಹೋಗಬೇಕಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಬಂಗಾರಪೇಟೆಯಿಂದ ಕೋರಮಂಡಲ್, ಉರಿಗಾಂ, ಚಾಂಪಿಯನ್ ಮೂಲಕ ಮಾರಿಕುಪ್ಪಂವರೆಗೆ ಕವಲು ಹಳಿ ಬಂದಿತು. ಅಳತೆ ದೊಡ್ಡ ಹಳಿಯದೇ ಆದ್ದರಿಂದ ಮದ್ರಾಸ್ ಕಡೆಯಿಂದ ಬಂದ ವ್ಯಾಗನ್ನು ಸರಕು ಇಳಿಸದೆ ನೇರವಾಗಿ ಒಳಗೆ ಹೋಗಬಹುದಿತ್ತು.

ಸೈಡಿಂಗ್ ಎಂದರೇನು ಗೊತ್ತೇ? ಮುಖ್ಯ ಹಳಿಯಿಂದ ಪಕ್ಕಕ್ಕೆ ಒಡೆದುಕೊಂಡು, ಗೋದಾಮು ಅಥವಾ ಕಾರ್ಖಾನೆಯ ಬಾಗಿಲಲ್ಲಿ ನಿಲ್ಲುವ ತುಂಡು ಹಳಿ. ಎಂಜಿನ್ನು ವ್ಯಾಗನ್ನುಗಳನ್ನು ಅಲ್ಲಿಗೆ ತಳ್ಳಿ ಬಿಟ್ಟುಹೋಗುತ್ತದೆ. ಗೊತ್ತಾದ ಸಮಯದೊಳಗೆ ಸರಕು ಇಳಿಸದಿದ್ದರೆ ಡೆಮರೇಜ್, ಅಂದರೆ ದಂಡ! ನಮ್ಮ ತಾತ ಬಂಗಾರಪೇಟೆಯ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತರಾಗಿದ್ದರು. ನಾವು ಮಕ್ಕಳು ಊಟಕ್ಕೆ ತಡ ಮಾಡಿದರೆ, "ಬೇಗ ಬನ್ನಿ, ಡೆಮರೇಜ್ ಹಾಕ್ತೀನಿ" ಎನ್ನುತ್ತಿದ್ದರು.

1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಗಣಿಗೆ ವಿದ್ಯುತ್ ಕೊಟ್ಟರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದರ ಮೂರು ವರ್ಷದ ನಂತರ! ಕಲ್ಲಿದ್ದಲಿನ ಅಗತ್ಯ ಇಳಿಯಿತು, ಹಳಿಯ ಕೆಲಸ ಮಾತ್ರ ನಿಲ್ಲಲಿಲ್ಲ. ತಮಿಳು ನಾಡಿನ ಉತ್ತರ ಆರ್ಕಾಟಿನಿಂದ, ಆಂಧ್ರದ ಚಿತ್ತೂರಿನಿಂದ ಸಾವಿರಾರು ಸಂಸಾರಗಳು ಬಂದು ಗಣಿಯ ಲೈನ್ ಮನೆಗಳಲ್ಲಿ ನೆಲೆಸಿದವು. ನಮ್ಮ ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತಮಿಳು, ಎದುರು ಮನೆಯಲ್ಲಿ ತೆಲುಗು. ಮದುವೆಯಾಗಿ ಚೆನ್ನೈಗೆ ಬಂದಾಗ ನನಗೆ ಭಾಷೆಯ ತೊಡಕೇ ಆಗಲಿಲ್ಲ.

ಬಂಗಾರಪೇಟೆಯಿಂದ ಇನ್ನೊಂದು ಕವಲೂ ಇತ್ತು. 1913ರಲ್ಲಿ ಕೋಲಾರಕ್ಕೆ ಎರಡೂವರೆ ಅಡಿ ಅಗಲದ ಪುಟ್ಟ ಹಳಿ ಬಂದಿತು. ಮುಂದೆ ಚಿಂತಾಮಣಿ, ಚಿಕ್ಕಬಳ್ಳಾಪುರದ ಕಡೆಗೂ ಬೆಳೆಯಿತು. ದೊಡ್ಡ ಹಳಿ ಐದೂವರೆ ಅಡಿ. ಹಾಗಾಗಿ ಕೋಲಾರದ ಕಡೆಯ ಬೆಲ್ಲ, ಹುಣಸೆಹಣ್ಣಿನ ಮೂಟೆಗಳನ್ನು ಬಂಗಾರಪೇಟೆಯಲ್ಲಿ ಇಳಿಸಿ, ಕೂಲಿಗಳು ತಲೆಯ ಮೇಲೆ ಹೊತ್ತು ಬೇರೆ ವ್ಯಾಗನ್ನಿಗೆ ತುಂಬಬೇಕಿತ್ತಂತೆ. "ಸರಕಿಗಿಂತ ಕೂಲಿಯೇ ಭಾರ" ಎಂದು ತಾತ ಹೇಳುತ್ತಿದ್ದರು. ಮನೆ ಬಾಗಿಲಿಗೇ ಲಾರಿ ಬಂದಮೇಲೆ ಇಷ್ಟು ಪಾಡು ಯಾರು ಪಡುತ್ತಾರೆ? ಆ ಹಾದಿ ಸೊರಗಿತು. ಅಗಲವಾದ ಹಳಿ ಕೋಲಾರದಿಂದ ಚಿಕ್ಕಬಳ್ಳಾಪುರವನ್ನು ಮುಟ್ಟಿದ್ದು 2013ರಲ್ಲಿ.

2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು. ಮೂರು ಕಿಲೋಮೀಟರಿಗೂ ಆಳದ ಸುರಂಗಗಳಲ್ಲಿ ನೀರು ತುಂಬಿತು. ನನ್ನ ಅಣ್ಣನ ಕೆಲಸವೂ ಹೋಯಿತು. ಆಗ ಅವನಿಗೆ ನಲವತ್ತು ದಾಟಿತ್ತು, ಇಬ್ಬರು ಮಕ್ಕಳು ಶಾಲೆಯಲ್ಲಿದ್ದರು. ಮನೆ ಮಾರಿ ಊರು ಬಿಡೋಣವೆಂದು ಅತ್ತಿಗೆ ಅತ್ತರು. ಅಣ್ಣ ಒಪ್ಪಲಿಲ್ಲ. ಬೆಂಗಳೂರಿನಲ್ಲಿ ಕೆಲಸ ಹುಡುಕಿಕೊಂಡು, ಪ್ರತಿದಿನ ಬೆಳಗಿನ ಜಾವ ಡಬ್ಬಿ ಹಿಡಿದು ರೈಲು ಹತ್ತುತ್ತಿದ್ದ. ರಾತ್ರಿ ಮನೆ ಸೇರುತ್ತಿದ್ದ. ಹದಿನೈದು ವರ್ಷ ಹೀಗೆಯೇ ನಡೆಯಿತು. ಆ ಹಳಿ ಇಲ್ಲದಿದ್ದರೆ ಅವನ ಮಕ್ಕಳು ಓದುತ್ತಿರಲಿಲ್ಲ. ಇಂದಿಗೂ ಮಾರಿಕುಪ್ಪಂನಿಂದ ಹೊರಡುವ ರೈಲಿನಲ್ಲಿ ಗಣಿ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ.

ಮಕ್ಕಳೇ, ಕಲ್ಲಿದ್ದಲು ತರಲು ಹಾಕಿದ ಹಳಿ ಜನರಿಗೆ ಅನ್ನ ಕೊಡುತ್ತಿದೆ. ಗಣಿ ಹೋದರೂ ಅದು ಉಳಿದದ್ದು ಜನ ಬಿಡದೆ ಅದನ್ನು ಬಳಸಿದ್ದರಿಂದ. ನಮ್ಮ ಮನೆಯ ಕನ್ನಡವೂ ಹಾಗೆಯೇ ಅಲ್ಲವೇ? ಮುಂದಿನ ಸಲ ಊರಿಗೆ ಹೋಗುವಾಗ ಬಂಗಾರಪೇಟೆಯಲ್ಲಿ ಮೊಬೈಲು ಕೆಳಗಿಟ್ಟು ಕಿಟಕಿಯಿಂದ ನೋಡಿ. ನಿಮ್ಮ ಅಜ್ಜ-ಅಜ್ಜಿಯರನ್ನು ಕೇಳಿ, ಅವರ ಊರಿನ ಹಳಿಗೂ ಒಂದು ಕಥೆ ಇದ್ದೀತು.